ಅವ್ವ ಕೊಟ್ಟ ವೀಳ್ಯ

ನಾನು ಬಿ.ಎ. ಮುಗಿಸುವುದು ಆಗದ ಮಾತು ಎಂದವರು ನಮ್ಮ ದೊಡ್ಡಪ್ಪ, ಅಪ್ಪನ ಅಣ್ಣ. ಕುಣಿಗಲ್ ತಾಲ್ಲೂಕಿನ ಕೊತ್ತಗೆರೆಯ ಹತ್ತಿರ ನಮ್ಮ ಹಳ್ಳಿಯಲ್ಲೇ ಉಳಿದವರು. ಗುಬ್ಬಿಯ ನಮ್ಮ ಬಾಡಿಗೆ ಮನೆಗೆ ಬಂದಾಗಲೆಲ್ಲ ಜಗುಲಿಯ ಮೇಲೆ ಕೂತು, ಟವೆಲ್ಲಿನಲ್ಲಿ ಕುತ್ತಿಗೆ ಒರೆಸಿಕೊಂಡು, ನನ್ನ ಪುಸ್ತಕಗಳ ಕಡೆ ಒಮ್ಮೆ ಕಣ್ಣು ಹಾಯಿಸಿ ಹೇಳುತ್ತಿದ್ದರು: "ನಮ್ಮ ವಂಶದಾಗೆ ಗಂಡುಮಕ್ಳೇ ಏಳ್ನೇ ಕ್ಲಾಸು ದಾಟಿಲ್ಲ ಕಣಮ್ಮಿ. ನೀನು ಡಿಗ್ರಿ ಮಾಡೋದು ಆಗೋ ಮಾತಾ? ಬುಡು."

ಅಪ್ಪ ತೀರಿಕೊಂಡ ಮೇಲೆ ಅವರೇ ಇನ್ನೊಂದು ಮಾತು ಹೇಳಿದರು. "ಸತ್ತೋನ ದುಡ್ಡಿಗೆ ಹೆಂಗಸಿನ ಹೆಸ್ರಲ್ಲಿ ಕೋರ್ಟಿನೋರು ಕಾಗದ ಕೊಡ್ತಾರಾ? ಅದೂ ಆಗದ ಮಾತು."

ಎರಡರಲ್ಲೂ ದೊಡ್ಡಪ್ಪ ಸೋತರು. ಬಿ.ಎ. ನಾನು ಮಾಡಿದೆ, ಯಾರ ಮುಂದೆಯೂ ತಲೆ ತಗ್ಗಿಸದೆ ಹೇಳುತ್ತೇನೆ, ಊದುಬತ್ತಿ ಹೊಸೆದ ಕೈಯಲ್ಲೇ ಪರೀಕ್ಷೆ ಬರೆದು ಮಾಡಿದೆ. ಕೋರ್ಟಿನ ಕಾಗದವೂ ಬಂತು. ಆದರೆ ಅವರು ಸೋತಿದ್ದರಿಂದ ನಾವು ಗೆದ್ದೆವು ಎಂದು ಯಾರೂ ತಿಳಿಯಬಾರದು.

ದೊಡ್ಡಪ್ಪ ಅವ್ವನ ಹತ್ತಿರ ನೇರವಾಗಿ ಮಾತಾಡುತ್ತಿರಲಿಲ್ಲ. ತಮ್ಮನ ಹೆಂಡತಿ, ಮುಖ ಕೊಟ್ಟು ಮಾತಾಡುವ ಹಾಗಿಲ್ಲ. ಅವ್ವ ಬಾಗಿಲ ಹಿಂದೆ ನಿಲ್ಲುವಳು, ಅವರು ಜಗುಲಿಯ ಮೇಲಿಂದ ನನಗೆ ಹೇಳುವರು.

"ನಿಮ್ಮವ್ವಂಗೆ ಹೇಳು, ಕಾಫಿ ಪಾನಕ ಆಗ್ಬುಟ್ಟದೆ ಅಂತ."

ಒಳಗಿಂದ ಅವ್ವ: "ನಿಮ್ಮ ದೊಡ್ಡಪ್ಪಂಗೆ ಹೇಳು, ಹೋದ್ಸಾರಿ ಸಪ್ಪೆ ಅಂದಿದ್ರು ಅಂತ."

ಇಬ್ಬರಿಗೂ ಇನ್ನೊಬ್ಬರ ಮಾತು ಕೇಳಿಸುತ್ತಿತ್ತು. ಆದರೂ ನಾನು ಅದನ್ನು ಮತ್ತೊಮ್ಮೆ ಹೇಳಬೇಕಿತ್ತು, ಇಲ್ಲದಿದ್ದರೆ ಉತ್ತರ ಬರುತ್ತಿರಲಿಲ್ಲ.

ಅಪ್ಪ ತುಮಕೂರಿನ ಅಂಚಿಗೆ, ಸತ್ಯಮಂಗಲದ ಕಡೆ, ಒಂದು ಸಣ್ಣ ಕಾರ್ಖಾನೆಯಲ್ಲಿ ಲೇತ್ ಕೆಲಸ ಮಾಡುತ್ತಿದ್ದ. ಬೆಳಗಿನ ರೈಲಿಗೆ ಗುಬ್ಬಿ ಬಿಟ್ಟರೆ ದೀಪ ಹಚ್ಚುವ ಹೊತ್ತಿಗೆ ವಾಪಸ್ಸು. ಅಂಗಿಗೆ ಎಷ್ಟು ಸೋಪು ಹಾಕಿದರೂ ಎಣ್ಣೆಯ ವಾಸನೆ ಹೋಗುತ್ತಿರಲಿಲ್ಲ. ಸಂಬಳ ಸಣ್ಣದು, ಆದರೆ ತಿಂಗಳು ತಿಂಗಳು ಬರುತ್ತಿತ್ತು. ನಮ್ಮ ಬೀದಿಯಲ್ಲಿ ತಿಂಗಳ ಸಂಬಳದವನೆಂದರೆ ದೊಡ್ಡ ಮನುಷ್ಯ. ಅದಕ್ಕೇ ಬೀದಿಯವರು ಚೀಟಿ ನಡೆಸು ಎಂದು ಅಪ್ಪನ ಬೆನ್ನು ಬಿದ್ದರು.

ಚೀಟಿ ಎಂದರೆ ಎಲ್ಲರೂ ತಿಂಗಳಿಗೆ ಇಷ್ಟು ಎಂದು ಹಾಕುವುದು, ಆ ಹಣವನ್ನು ಕೂಗಿಸಿ, ಅವಸರ ಇದ್ದವರು ಕಡಿಮೆಗೆ ಎತ್ತಿಕೊಳ್ಳುವುದು. ಭಾನುವಾರ ನಮ್ಮ ಜಗುಲಿಯಲ್ಲಿ ಚೀಟಿ ಕೂಗುವುದು ಒಂದು ಸಂಭ್ರಮವೇ ಆಗಿತ್ತು. ಬಸ್‌ಸ್ಟ್ಯಾಂಡಿನ ಹತ್ತಿರ ಹೂವು ಮಾರುವ ಅಜ್ಜಿ, ಟೈಲರು, ಸ್ಕೂಲಿನ ಜವಾನ, ಇಡ್ಲಿ ಮಾಡಿ ಮಾರುವ ಹೆಂಗಸು, ಕ್ಷೌರದ ಅಂಗಡಿಯವರು, ಎಲ್ಲರೂ ಬರುವರು. ಅವ್ವ ಒಗ್ಗರಣೆ ಹಾಕಿದ ಮಂಡಕ್ಕಿ ಮಾಡುವಳು. ಯಾರಿಗೂ ರಸೀದಿ ಗಿಸೀದಿ ಇರಲಿಲ್ಲ. ಅಪ್ಪನ ಬಾಯಿಲೆಕ್ಕವೇ ಲೆಕ್ಕ, ಅದು ಒಮ್ಮೆಯೂ ತಪ್ಪಿರಲಿಲ್ಲ.

ಒಂದು ವರ್ಷ ಹಣ ಎತ್ತಿಕೊಂಡ ಇಬ್ಬರು ಊರು ಬಿಟ್ಟರು. ಒಬ್ಬ ಭದ್ರಾವತಿಗೆ ಹೋದ ಎಂದರು, ಇನ್ನೊಬ್ಬ ಎಲ್ಲಿಗೆ ಎಂದು ಅವನ ಹೆಂಡತಿಗೂ ಗೊತ್ತಿರಲಿಲ್ಲ. ಅಪ್ಪ ಬೀದಿಯವರಿಗೆ ಅದನ್ನು ಹೇಳಲಿಲ್ಲ. ಕುಣಿಗಲ್ ಪೇಟೆಯಲ್ಲಿ ತೆಂಗಿನಕಾಯಿ ಮಂಡಿ ಇಟ್ಟಿದ್ದ ಸಾಹುಕಾರರೊಬ್ಬರಿಗೆ ಪ್ರೋನೋಟು, ಅಂದರೆ ಸಾಲದ ಪತ್ರ, ಬರೆದುಕೊಟ್ಟು ಸಾಲ ತಂದು ಚೀಟಿಯ ತೂತು ಮುಚ್ಚಿದ. ಅದು ಮತ್ತೆ ಮತ್ತೆ ಬಾಯಿಬಿಟ್ಟಿತು, ಹೀಗೇ ಐದಾರು ವರ್ಷ ಕಳೆಯಿತು. ಕೊನೆಗೆ ಸಾಹುಕಾರರಿಗೂ ಬಾಕಿ, ಚೀಟಿಯವರಿಗೂ ಬಾಕಿ. ನಾನಾಗ ತುಮಕೂರಿನಲ್ಲಿ ಬಿ.ಎ. ಮೊದಲ ವರ್ಷ, ಅಪ್ಪನ ಜೊತೆ ಅದೇ ರೈಲಿನಲ್ಲಿ ಹೋಗುತ್ತಿದ್ದೆ. ಅಪ್ಪ ಕಿಟಕಿಗೆ ತಲೆ ಒರಗಿಸಿ ನಿದ್ದೆ ಮಾಡುತ್ತಿದ್ದ. ನಿದ್ದೆ ಎಂದುಕೊಂಡಿದ್ದೆ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಕಾರ್ಖಾನೆಯಲ್ಲಿ ಊಟದ ಡಬ್ಬಿ ಬಿಚ್ಚುವ ಹೊತ್ತಿಗೆ ಅಪ್ಪನಿಗೆ ಎದೆ ನೋವು ಬಂತಂತೆ. ಆಸ್ಪತ್ರೆಗೆ ಸಾಗಿಸುವ ದಾರಿಯಲ್ಲೇ ಮುಗಿಯಿತು. ಡಬ್ಬಿಯನ್ನು ಯಾರೋ ಪುಣ್ಯಾತ್ಮರು ಹಾಗೇ ಮುಚ್ಚಿ ಮನೆಗೆ ಕಳಿಸಿದ್ದರು. ಅವ್ವ ಅದನ್ನು ಬಹಳ ಹೊತ್ತು ತೆರೆಯಲಿಲ್ಲ.

ನಮ್ಮ ಕಡೆ ಹನ್ನೊಂದನೇ ದಿನ ತಿಥಿ. ಅವತ್ತು ಒಂದು ಕ್ರಮ ಇದೆ. ಎಲೆ ಹಾಕಿ ಬಡಿಸಿದ ಮೇಲೆ, ಮುದ್ದೆಗೆ ಕೈ ಹಾಕುವ ಮೊದಲು, ಹಿರಿಯರೊಬ್ಬರು ಎದ್ದು ಕೇಳುತ್ತಾರೆ: ಸತ್ತವರ ಬಾಕಿ ಯಾರು ಹೊರುತ್ತೀರಿ? ಆಗ ಮನೆಯ ಮಗ, ಮಗನಿಲ್ಲದಿದ್ದರೆ ಅಣ್ಣತಮ್ಮ, ಬಾಕಿಯವರ ಕೈಗೆ ವೀಳ್ಯದೆಲೆ, ಅಡಿಕೆ ಕೊಡಬೇಕು. ಕೊಟ್ಟರೆ ಆ ಬಾಕಿ ಕೊಟ್ಟವನ ತಲೆಗೆ ಬಂತು. ಕೊಡದಿದ್ದರೆ ಬಾಕಿಯವರು ಉಣ್ಣದೆ ಏಳಬಹುದು. ಅವರು ಉಣ್ಣದೆ ಎದ್ದ ಮನೆಯಲ್ಲಿ ಸತ್ತವರಿಗೂ ಎಡೆ ಮುಟ್ಟುವುದಿಲ್ಲ ಎಂದು ನಂಬಿಕೆ. ಬೇರೆ ಕಡೆ ಹೀಗಿಲ್ಲ ಎಂದು ಆಮೇಲೆ ತಿಳಿಯಿತು. ನಮ್ಮಲ್ಲಿ ಹೀಗೇ.

ಚಪ್ಪರದ ಕೆಳಗೆ ಚೀಟಿಯವರೆಲ್ಲ ಎಲೆಯ ಮುಂದೆ ಕೂತಿದ್ದರು. ಬೀದಿಯ ಹಿರಿಯರೊಬ್ಬರು ಕೇಳಿದರು. ಅವ್ವನಿಗೆ ಗಂಡುಮಕ್ಕಳಿಲ್ಲ, ನಾನೊಬ್ಬಳೇ. ಎಲ್ಲರೂ ದೊಡ್ಡಪ್ಪನ ಕಡೆ ನೋಡಿದರು. ದೊಡ್ಡಪ್ಪ ಚಪ್ಪರದ ಕಂಬದ ಹಗ್ಗ ಸಡಿಲವಾಗಿದೆ ಎನ್ನುವ ಹಾಗೆ ಅದನ್ನು ಬಿಗಿಯುತ್ತ ನಿಂತುಬಿಟ್ಟರು. ಸಾರು ಆರುತ್ತಿತ್ತು.

"ಏನಪ್ಪಾ, ಅಣ್ಣ ಅನ್ನೋನು ನೀನೇ ತಾನೆ?" ಎಂದರು ಹಿರಿಯರು.

"ನಾನು ಹಳ್ಳಿಯೋನು. ಪಟ್ಟಣದ ವ್ಯವಾರ ನನ್ನ ಕೇಳಿ ಮಾಡಿದ್ನಾ ಅವನು?" ಎಂದರು ದೊಡ್ಡಪ್ಪ, ಹಗ್ಗ ಬಿಡದೆ.

ಟೈಲರು ಎಲೆಯಿಂದ ಕೈ ಹಿಂದಕ್ಕೆ ತೆಗೆದುಕೊಂಡು ಏಳುವುದಕ್ಕೆ ಮಂಡಿ ಊರಿದರು. ಆಗ ಅವ್ವ ಒಳಗಿಂದ ಬಂದಳು. ಹಣೆ ಬೋಳು, ಕೈ ಬೋಳು. ತಟ್ಟೆಯಲ್ಲಿ ಎಲೆ ಅಡಿಕೆ ಇಟ್ಟುಕೊಂಡು ಬಂದು ಟೈಲರ ಮುಂದೆ ನಿಂತಳು. ಗಂಡ ಸತ್ತವಳ ಕೈಯಿಂದ ಯಾರು ವೀಳ್ಯ ತೆಗೆದುಕೊಳ್ಳುತ್ತಾರೆ? ಟೈಲರು ಅತ್ತ ಇತ್ತ ನೋಡಿದರು. ಸಾಲಿನ ಕೊನೆಯಲ್ಲಿದ್ದ ಹೂವಿನ ಅಜ್ಜಿ ಕೈ ಚಾಚಿ ಕೂಗಿದಳು: "ಇತ್ತ ತತ್ತಾರವ್ವ. ನಾನೂ ಮುಂಡೆ, ನೀನೂ ಮುಂಡೆ, ನಂಗೇನು ಮೈಲಿಗೆ?"

ಅಜ್ಜಿ ತೆಗೆದುಕೊಂಡ ಮೇಲೆ ಉಳಿದವರೂ ತೆಗೆದುಕೊಂಡರು. ಟೈಲರೂ. ಎಲ್ಲರೂ ಮುದ್ದೆ ಮುರಿದರು. ಅಪ್ಪನ ಎಡೆಯನ್ನು ಕಾಗೆ ಬೇಗನೆ ಮುಟ್ಟಿತು, ಅವ್ವನ ಮುಖದಲ್ಲಿ ಅಷ್ಟು ದಿನದ ಮೇಲೆ ಒಂದು ನೆಮ್ಮದಿ ಕಂಡಿತು.

ಅಪ್ಪ ಬಿಟ್ಟುಹೋದದ್ದು ಬ್ಯಾಂಕಿನ ಒಂದು ಠೇವಣಿ, ಕಾರ್ಖಾನೆಯಿಂದ ಬರಬೇಕಾದ ಬಾಕಿ, ಎರಡೇ. ಅಷ್ಟು ಬಂದರೆ ಚೀಟಿಯವರಿಗೆಲ್ಲ ಕೊಡಬಹುದು, ಕೊಟ್ಟು ನನ್ನ ಕಾಲೇಜಿನ ಫೀಸಿಗೂ ಸ್ವಲ್ಪ ಉಳಿಯಬಹುದು ಎಂದು ಅವ್ವ ಬೆರಳು ಮಡಿಸಿ ಲೆಕ್ಕ ಹಾಕಿದ್ದಳು. ಆದರೆ ಕಾರ್ಖಾನೆಯ ಕಾಗದದಲ್ಲಿ ನಾಮಿನಿ ಎಂದು ಅಪ್ಪ ಮದುವೆಗೆ ಮುಂಚೆ ತನ್ನ ತಾಯಿಯ ಹೆಸರು ಕೊಟ್ಟಿದ್ದ, ಆಮೇಲೆ ಬದಲಾಯಿಸಿರಲಿಲ್ಲ. ಅವಳು ಎಂದೋ ತೀರಿಕೊಂಡಿದ್ದಳು. ಕಾರ್ಖಾನೆಯವರೂ ಬ್ಯಾಂಕಿನವರೂ ಕೋರ್ಟಿನಿಂದ ಸಕ್ಸೆಷನ್ ಸರ್ಟಿಫಿಕೇಟ್ ತನ್ನಿ ಎಂದರು. ಸತ್ತವರ ಹಣ ತೆಗೆದುಕೊಳ್ಳುವ ಹಕ್ಕು ಇವರಿಗಿದೆ ಎಂದು ಕೋರ್ಟು ಬರೆದುಕೊಡುವ ಕಾಗದ ಅದು.

ತುಮಕೂರಿನ ಕೋರ್ಟಿನ ಎದುರು, ಒಂದು ಹೋಟೆಲಿನ ಮಹಡಿಯ ಮೇಲೆ, ನಮ್ಮಂಥವರಿಂದ ಫೀಸನ್ನು ಕಂತಿನಲ್ಲಿ ತೆಗೆದುಕೊಳ್ಳುವ ವಕೀಲರೊಬ್ಬರಿದ್ದರು. ಅವರು ಕೇಳಿದರು: "ಯಜಮಾನ್ರು ಸಾಲ ಏನಾದ್ರೂ ಮಾಡಿದ್ರಾ?"

ಅವ್ವ ಚೀಟಿಯ ಕಥೆ ಹೇಳಿದಳು.

"ಬರವಣಿಗೆ ಏನಾದ್ರೂ ಇದ್ಯಾ?"

"ಇಲ್ಲ ಸ್ವಾಮಿ. ವೀಳ್ಯ ಕೊಟ್ಟಿವ್ನಿ."

ವಕೀಲರು ನಕ್ಕರು, ಕೆಟ್ಟ ನಗೆಯಲ್ಲ. "ವೀಳ್ಯ ಕೋರ್ಟಿಗೆ ಕಾಣಲ್ಲ ತಾಯಿ. ಗಂಡನ ಸಾಲ ಹೆಂಡ್ತಿ ತಲೆ ಮೇಲೆ ಬರಲ್ಲ. ಸತ್ತೋರು ಏನು ಬಿಟ್ಟಿದ್ದಾರೋ ಅಷ್ಟರ ಮಟ್ಟಿಗೆ ಮಾತ್ರ ವಸೂಲಿ. ಅದಕ್ಕೂ ಬರವಣಿಗೆ ಬೇಕು, ಸಾಕ್ಷಿ ಬೇಕು. ಕೊಡೋದು ಬಿಡೋದು ನಿಮ್ಮಿಷ್ಟ."

ಮೆಟ್ಟಿಲು ಇಳಿಯುತ್ತ ಅವ್ವ ಗೊಣಗಿದಳು: "ಇಷ್ಟವಂತೆ! ಎಲ್ಲರ ಕೈಗೂ ಎಲೆ ಇಟ್ಟು ಬಂದ್ಮೇಲೆ ಇಷ್ಟ ಎಂಥದ್ದು?" ಕುಣಿಗಲ್ಲಿನ ಸಾಹುಕಾರರ ಹೆಸರನ್ನು ಅವಳು ವಕೀಲರ ಮುಂದೆ ಎತ್ತಲೇ ಇಲ್ಲ. ಅವರು ತಿಥಿಗೆ ಬಂದಿರಲಿಲ್ಲ. ಅವ್ವನ ಲೆಕ್ಕದಲ್ಲಿ ತಿಥಿಗೆ ಬಂದವರದ್ದೇ ಬಾಕಿ.

ಅರ್ಜಿಗೆ ಅವ್ವ ಹೆಬ್ಬೆಟ್ಟು ಒತ್ತುವುದು ನನಗೆ ಇಷ್ಟವಿರಲಿಲ್ಲ. ಕಾಲೇಜು ಓದುವ ಮಗಳಿದ್ದು ತಾಯಿ ಹೆಬ್ಬೆಟ್ಟು ಒತ್ತುವುದೇ? ಅಪ್ಪ ಹೋದ ಮೇಲೆ ನಾವು ಕೂಲಿಗೆ ಹೊಸೆಯುತ್ತಿದ್ದ ಊದುಬತ್ತಿಯ ಹಿಟ್ಟನ್ನು ಮಣೆಯ ಮೇಲೆ ತೆಳ್ಳಗೆ ಹರಡಿ, ಅದರಲ್ಲಿ ಕಡ್ಡಿಯಿಂದ ಅವ್ವನ ಹೆಸರು ಬರೆದು ತೋರಿಸಿದೆ. ಇಬ್ಬರೂ ಬತ್ತಿ ಹೊಸೆಯುತ್ತ, ನಡುನಡುವೆ ಅವಳು ಬರೆಯುವುದು, ಅಳಿಸಿ ಆ ಹಿಟ್ಟನ್ನೇ ಹೊಸೆಯುವುದು. ಒತ್ತಕ್ಷರ ಅವಳಿಗೆ ಕೆಳಗೆ ಇಳಿಯುತ್ತಲೇ ಇರಲಿಲ್ಲ, ಪಕ್ಕಕ್ಕೆ ಹೋಗಿ ನಿಲ್ಲುತ್ತಿತ್ತು. "ಇದು ನಿಮ್ಮ ದೊಡ್ಡಪ್ಪನ ಥರ, ಕರೆದ ಕಡೆ ಬರಕಿಲ್ಲ" ಎಂದು ನಗುತ್ತಿದ್ದಳು. ಗಂಡ ಸತ್ತ ಮೇಲೆ ಅವಳು ನಕ್ಕದ್ದು ಅದೇ ಮೊದಲು. ಅರ್ಜಿಗೆ ರುಜು ಹಾಕಿದ ದಿನ ವಕೀಲರ ಗುಮಾಸ್ತರು ಸ್ಟಾಂಪ್ ಪ್ಯಾಡು ಮುಂದಕ್ಕೆ ತಳ್ಳಿದರು. ಅವ್ವ ಅದನ್ನು ಹಿಂದಕ್ಕೆ ತಳ್ಳಿ ಪೆನ್ನು ಕೇಳಿದಳು. ನನಗೆ ಬಿ.ಎ. ಪಾಸಾದಷ್ಟೇ ಹೆಮ್ಮೆಯಾಯಿತು.

ಕೋರ್ಟಿನವರು ಯಾರದಾದರೂ ತಕರಾರು ಇದ್ದರೆ ಹೇಳಿ ಎಂದು ಪೇಪರಿನಲ್ಲಿ ಪ್ರಕಟಣೆ ಹಾಕಿಸಿದರು. ಅದನ್ನು ಕುಣಿಗಲ್ ಸಾಹುಕಾರರು ಓದಿದರು.

ಅವರು ಬಂದದ್ದು ನಾನು ಕಾಲೇಜಿಗೆ ಹೋಗಿದ್ದ ಒಂದು ಮಧ್ಯಾಹ್ನ. ನಡೆದದ್ದನ್ನೆಲ್ಲ ಅವ್ವನೇ ಸಂಜೆ ಹೇಳಿದಳು, ಬಹಳ ಸಮಾಧಾನದಿಂದ, ಒಂದು ಒಳ್ಳೆ ಕೆಲಸ ಮುಗಿಸಿದವಳ ಹಾಗೆ. ಸಾಹುಕಾರರು ಜೋರು ಮಾಡಲಿಲ್ಲ. ಮಂಡಿಯಿಂದ ಎರಡು ತೆಂಗಿನಕಾಯಿ ತಂದು ಜಗುಲಿಯ ಮೇಲೆ ಇಟ್ಟರು. ಅಪ್ಪನ ಪಟದ ಕಡೆ ನೋಡಿ ಕಣ್ಣು ಒರೆಸಿಕೊಂಡರು. ಆಮೇಲೆ ಹೇಳಿದರಂತೆ:

"ತಾಯೀ, ತಿಥಿಗೆ ನಂಗೆ ಸುದ್ದೀನೇ ಮುಟ್ಲಿಲ್ಲ. ಎಲ್ಲರ ಕೈಗೂ ವೀಳ್ಯ ಕೊಟ್ರಂತೆ. ನಾನೊಬ್ಬ ಏನು ಪಾಪ ಮಾಡಿದ್ದೆ?"

ಅವ್ವನಿಗೆ ಅದು ತಾಗಿತು. ಗಂಡ ಆ ಮನುಷ್ಯರ ಹತ್ತಿರ ಕೈ ಚಾಚಿದ್ದು ಅವಳಿಗೆ ಗೊತ್ತಿತ್ತು. ಎಲ್ಲರಿಗೂ ಕೊಟ್ಟು ಒಬ್ಬರನ್ನು ಬಿಟ್ಟರೆ ಪಂಕ್ತಿಯಲ್ಲಿ ಒಬ್ಬರಿಗೆ ಬಡಿಸದೆ ಹೋದ ಹಾಗೆ. ಒಳಗೆ ಹೋಗಿ ಎಲೆ ಅಡಿಕೆ ತಂದಳು.

ಸಾಹುಕಾರರು ಕೈ ಮುಗಿದು ಜೇಬಿನಿಂದ ಒಂದು ಕಾಗದ ತೆಗೆದರು. "ವೀಳ್ಯ ಬ್ಯಾಡ ತಾಯಿ, ಮಂಡೀಲಿ ಎಲೆ ಒಣಗೋಯ್ತದೆ. ಹಳೇ ನೋಟಿನ ಬದಲು ಇದು. ಇಲ್ಲೊಂದು ರುಜು ಹಾಕಿ, ನಂಗೆ ಅದೇ ವೀಳ್ಯ. ಹೆಬ್ಬೆಟ್ಟಾದ್ರೂ ಸರಿ."

"ಬೆಟ್ಟು ಯಾಕೆ? ನಂಗೆ ಬರೆಯಾಕೆ ಬತ್ತದೆ" ಎಂದಳಂತೆ ಅವ್ವ. ರೆವಿನ್ಯೂ ಸ್ಟಾಂಪಿನ ಮೇಲೆ, ನಿಧಾನವಾಗಿ, ತನ್ನ ಹೆಸರು ಬರೆದಳು. "ಒತ್ತಕ್ಷರ ಈ ಸಲ ಸರಿಯಾಗಿ ಕೆಳಗೇ ಬಂತು ಕಣೇ" ಎಂದು ನನಗೆ ಹೇಳಿದಳು.

ನಾನು ಎಕನಾಮಿಕ್ಸ್ ಓದುತ್ತಿದ್ದೆ. ಅದರಲ್ಲಿ ಸಾಲದ ಮೇಲೆ ಒಂದು ದೊಡ್ಡ ಪಾಠವೇ ಇತ್ತು, ದೇಶಗಳು ದೇಶಗಳಿಗೆ ಕೊಡುವ ಸಾಲ. ಮಂಡಿ ಸಾಹುಕಾರರು ವಿಧವೆಯಿಂದ ಬರೆಸಿಕೊಳ್ಳುವ ನೋಟಿನ ಬಗ್ಗೆ ಒಂದು ಸಾಲೂ ಇರಲಿಲ್ಲ. ಮುಂದಿನ ವಾಯಿದೆಗೆ ತುಮಕೂರಿಗೆ ಹೋದಾಗ ವಕೀಲರಿಗೆ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಹಳೇ ನೋಟು ಯಾವಾಗಿನದು?"

"ನನ್ನ ತಂಗಿ ಮದುವೆ ವರ್ಷದ್ದು" ಎಂದಳು ಅವ್ವ.

ಆ ಚಿಕ್ಕಮ್ಮನ ಮಗ ಆಗಲೇ ಸ್ಕೂಲಿಗೆ ಹೋಗುತ್ತಿದ್ದ. ವಕೀಲರು ಮನಸ್ಸಿನಲ್ಲೇ ವರ್ಷ ಎಣಿಸಿದರು. "ಪ್ರೋನೋಟಿಗೆ ಮೂರು ವರ್ಷ ಆಯಸ್ಸು, ತಾಯಿ. ಅದರೊಳಗೆ ಕೇಸು ಹಾಕ್ಬೇಕು, ಇಲ್ಲ ಅಂದ್ರೆ ಹೋಯ್ತು. ನಿಮ್ಮ ಯಜಮಾನ್ರ ನೋಟು ಸತ್ತೋಗಿತ್ತು. ಅದಕ್ಕೇ ಆತ ಕಾಯಿ ಹಿಡ್ಕೊಂಡು ಬಂದಿದ್ದು. ಸುಮ್ನೆ ಕೂತಿದ್ರೆ ನಿಮ್ಮನ್ನ ಏನೂ ಮಾಡೋಕಾಗ್ತಿರ್ಲಿಲ್ಲ. ಈಗ ಅದು ಅವರ ಸಾಲ ಅಲ್ಲ, ನಿಮ್ಮ ಸಾಲ. ನಿಮ್ಮ ಕೈಗೆ ಏನು ಬಂದ್ರೂ ಆತ ಕೈ ಹಾಕಬಹುದು."

ಅವ್ವನಿಗೆ ಅರ್ಥವಾಗಲಿಲ್ಲ ಎಂದುಕೊಂಡೆ. ಅರ್ಥವಾಗಿತ್ತು. "ಅವರು ಇಸ್ಕೊಂಡಿದ್ದು ದಿಟ ತಾನೆ ಸ್ವಾಮಿ?" ಎಂದಳು.

"ದಿಟ."

"ಮತ್ತೆ ನೋಟು ಹೆಂಗೆ ಸಾಯ್ತದೆ?"

ವಕೀಲರು ಕನ್ನಡಕ ಹಾಕಿಕೊಂಡು ಬೇರೆ ಫೈಲು ತೆಗೆದರು.

ಸಾಹುಕಾರರು ಕುಣಿಗಲ್ಲಿನ ಕೋರ್ಟಿನಲ್ಲಿ ಕೇಸು ಹಾಕಿದರು. ಹಣವನ್ನು ಕುಣಿಗಲ್ಲಿನಲ್ಲಿ ಕೊಡತಕ್ಕದ್ದು ಎಂದು ನೋಟಿನಲ್ಲೇ ಬರೆಸಿದ್ದರು. ಗುಬ್ಬಿಯಿಂದ ತುಮಕೂರು, ತುಮಕೂರಿನಿಂದ ಕುಣಿಗಲ್ಲು, ವಾಯಿದೆ ವಾಯಿದೆಗೂ ಎರಡು ಬಸ್ಸು. ಹೋದ ದಿನ ಬತ್ತಿ ಹೊಸೆಯುವುದಿಲ್ಲ, ಹೊಸೆಯದ ದಿನ ಕೂಲಿ ಇಲ್ಲ. ನಾನು ಬಸ್ಸಿನಲ್ಲೇ ನೋಟ್ಸು ಓದಿದೆ. ಹುಲಿಯೂರುದುರ್ಗದ ಕಡೆ ಹೋಗುವ ಜನ, ಕೋಳಿ, ಚೀಲಗಳ ನಡುವೆ ನಿಂತುಕೊಂಡು ಓದಿದ್ದು ಪರೀಕ್ಷೆಯಲ್ಲಿ ಸರಿಯಾಗಿ ನೆನಪಿಗೆ ಬಂತು, ಮನೆಯಲ್ಲಿ ಓದಿದ್ದು ಬರಲಿಲ್ಲ.

ಸಾಕ್ಷಿ ಹೇಳುವ ದಿನ ದೊಡ್ಡಪ್ಪ ಹಳ್ಳಿಯಿಂದ ಬಂದಿದ್ದರು. ಕೋರ್ಟಿನ ಹೊರಗೆ ಮರದ ಕೆಳಗೆ ನಾವು ಮೂರು ಜನ, ಜೊತೆಗೆ ವಕೀಲರು. ವಕೀಲರು ಅವ್ವನಿಗೆ ಹೇಳಿದರು: "ತಾಯಿ, ಓದೋಕೆ ಬರಲ್ಲ, ಅದರಲ್ಲಿ ಏನಿದೆ ಅಂತ ತಿಳೀದೆ ಹಾಕಿದೆ ಅನ್ನಿ. ಸುಳ್ಳು ಹೇಳಿ ಅಂತಿಲ್ಲ. ನಿಮಗೆ ಓದೋಕೆ ಬರಲ್ಲ ಅನ್ನೋದು ನಿಜಾನೇ. ಅಷ್ಟು ಹೇಳಿ ಸಾಕು, ಉಳಿದದ್ದು ನಾನು ನೋಡ್ಕೋತೀನಿ."

ದೊಡ್ಡಪ್ಪ ನನ್ನ ಕಡೆ ತಿರುಗಿದರು. "ನಿಮ್ಮವ್ವಂಗೆ ಹೇಳು, ಹೆಬ್ಬೆಟ್ಟಿನೋಳ ಥರ ಇರು ಅಂತ. ಅಲ್ಲಿ ಓದು ಬರಹ ತೋರ್ಸಕ್ಕೋಗಬ್ಯಾಡ ಅಂತ."

ನಾನು ಹೇಳಿದೆ.

ಜವಾನ ಕೂಗಿದ. ಅವ್ವ ಕಟಕಟೆ ಹತ್ತಿ ಸೆರಗು ಹೊದ್ದು ನಿಂತಳು. ಜಡ್ಜ್ ಸಾಹೇಬರು ನೋಟನ್ನು ತೋರಿಸಿ ಕೇಳಿದರು, ಮೆತ್ತಗೇ ಕೇಳಿದರು: "ಇದು ನಿಮ್ಮ ರುಜುನಾ ಅಮ್ಮ?"

"ನಂದೇ ಸ್ವಾಮಿ."

"ಓದೋಕೆ ಬರ್ತದಾ?"

"ನನ್ನ ಹೆಸರು ಬರ್ತದೆ. ನನ್ನ ಮಗಳು ಕಲಿಸಿದ್ದು. ಅಗೋ, ಅಲ್ಲಿ ನಿಂತವ್ಳೆ, ಬಿ.ಎ. ಓದ್ತವ್ಳೆ."

ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ವಕೀಲರು ತಲೆ ತಗ್ಗಿಸಿದರು.

"ಇದರಲ್ಲಿ ಏನು ಬರೆದಿದೆ ಅಂತ ರುಜು ಹಾಕುವಾಗ ಗೊತ್ತಿತ್ತಾ? ಯೋಚನೆ ಮಾಡಿ ಹೇಳಿ."

ಅವ್ವ ಯೋಚನೆ ಮಾಡಿದಳು. ನಾನು ನೋಡುತ್ತಿದ್ದೆ, ನಿಜವಾಗಿಯೂ ಯೋಚನೆ ಮಾಡಿದಳು. "ಗೊತ್ತಿತ್ತು ಸ್ವಾಮಿ. ಸಾಹುಕಾರ್ರು ಓದಿ ಹೇಳಿದ್ರು. ಈ ಬಾಕಿ ನಂದು ಅಂತ ಬರೆದಿತ್ತು."

ಸಾಹುಕಾರರು ಕೂಡ ಮುಖ ಬೇರೆ ಕಡೆ ತಿರುಗಿಸಿದರು. ಅವರೇನು ರಾಕ್ಷಸರಲ್ಲ. ತಾವೂ ಬೇರೆಯವರಿಂದ ತಂದು ಕೊಟ್ಟದ್ದು ಎಂದು ಆಮೇಲೆ ಹೊರಗೆ ನನ್ನ ಹತ್ತಿರ ಹೇಳಿಕೊಂಡರು. ಇರಬಹುದು. ಡಿಕ್ರಿ ಅವರ ಕಡೆ ಆಯಿತು, ಬಡ್ಡಿ ಸಮೇತ. ತುಮಕೂರಿನ ಕೋರ್ಟಿನಿಂದ ಸರ್ಟಿಫಿಕೇಟ್ ಬಂದು, ಬ್ಯಾಂಕಿನ ಹಣ, ಕಾರ್ಖಾನೆಯ ಹಣ ಕೈಗೆ ಬಂದ ಕೂಡಲೆ ಅವರಿಗೆ ಕಟ್ಟಬೇಕು. ಕಟ್ಟಿದ ಮೇಲೆ ಚೀಟಿಯವರಿಗೆ ಕೊಡಲು ಏನೂ ಉಳಿಯುವುದಿಲ್ಲ. ಕಾಗದ ಇದ್ದವರ ಬಾಕಿ ಅಷ್ಟೂ ತೀರುತ್ತದೆ, ಬರೀ ಎಲೆ ಅಡಿಕೆ ತೆಗೆದುಕೊಂಡವರದ್ದು ಹಾಗೇ ಉಳಿಯುತ್ತದೆ.

ಇದನ್ನು ಅವ್ವ ಮುಚ್ಚಿಡಲಿಲ್ಲ. ಒಂದು ಭಾನುವಾರ, ಹಿಂದೆ ಚೀಟಿ ಕೂಗುತ್ತಿದ್ದ ಹೊತ್ತಿಗೇ, ಮನೆ ಮನೆಗೆ ಹೋಗಿ ಹೇಳಿ ಬಂದಳು. ನಾನೂ ಜೊತೆಗೆ ಹೋದೆ. ಕ್ಷೌರದ ಅಂಗಡಿಯವರು ಕನ್ನಡಿ ಒರೆಸುತ್ತಲೇ ಇದ್ದರು. ಇಡ್ಲಿಯ ಹೆಂಗಸು ಅತ್ತಳು, ನಮಗಾಗಿಯೋ ತನಗಾಗಿಯೋ ತಿಳಿಯಲಿಲ್ಲ, ಆ ಹಣ ಅವಳ ಮಗಳ ಬಸಿರು ಬಾಣಂತನಕ್ಕೆ ಎಂದು ಇಟ್ಟದ್ದು. ಟೈಲರು ಕಾಲು ಮಿಷನ್ನಿನಿಂದ ತೆಗೆಯದೆ ಹೇಳಿದರು: "ಮಗಳನ್ನ ಡಿಗ್ರಿ ಓದ್ಸೋಕೆ ಅದೆ, ನಮ್ಗೆ ಕೊಡಾಕಿಲ್ವಾ? ಗಂಡಸಿನ ಕೈಯಿಂದ ಇಸ್ಕೊಳ್ಳದ ವೀಳ್ಯ, ಹಿಂಗೇ ಆಗ್ಬೇಕು." ಅವ್ವ ನಿಂತು ಪೂರ್ತಿ ಕೇಳಿಸಿಕೊಂಡಳು. "ನೀವಂದಿದ್ದು ಸರಿ ಅಣ್ಣಯ್ಯ" ಎಂದಳು. ನಾನು ಏನೋ ಹೇಳಲು ಹೋದೆ, ಕೈ ಹಿಂಡಿದಳು.

ಹೂವಿನ ಅಜ್ಜಿ ಬಸ್‌ಸ್ಟ್ಯಾಂಡಿನಲ್ಲಿ ಬುಟ್ಟಿಯ ಹಿಂದೆ ಕೂತಿದ್ದಳು. ಎಲ್ಲ ಕೇಳಿ, ಸೊಂಟದಿಂದ ಸಂಚಿ ತೆಗೆದು ಬಿಚ್ಚಿ ತೋರಿಸಿದಳು. ಸುಣ್ಣದ ಡಬ್ಬಿಯ ಪಕ್ಕದಲ್ಲಿ ಒಂದು ಅಡಿಕೆ. "ನೀನು ಕೊಟ್ಟಿದ್ದು. ಎಲೆ ಬಾಡೋಯ್ತು, ಬಿಸಾಕ್ದೆ. ಅಡಿಕೆ ಇಟ್ಟಿವ್ನಿ. ನೀನು ಬಾಕಿ ತೀರ್ಸಿದ ದಿನ ಕುಟ್ಟಿಕೊಂಡು ಹಾಕ್ಕೋತೀನಿ. ನಂಗೆ ಹಲ್ಲಿಲ್ಲ, ನಿನ್ಗೆ ದುಡ್ಡಿಲ್ಲ, ಇಬ್ರಿಗೂ ಅವಸರ ಇಲ್ಲ ಬುಡವ್ವ." ಎಂದು ನನ್ನ ಕಡೆ ತಿರುಗಿ, "ಪಾಸಾದ್ಯಾ ಮಗಾ?" ಎಂದಳು. ಪಾಸಾಗಿದ್ದೆ. ಫಲಿತಾಂಶ ಬಂದು ಒಂದು ವಾರವಾಗಿತ್ತು, ಸೆಕೆಂಡ್ ಕ್ಲಾಸು. ಬೀದಿಯಲ್ಲಿ ಅದನ್ನು ಕೇಳಿದವಳು ಅವಳೊಬ್ಬಳೇ. ಒಂದು ಮೊಳ ಕನಕಾಂಬರ ಕಿತ್ತು ನನ್ನ ಜಡೆಗೆ ಸಿಕ್ಕಿಸಿದಳು, ಕಾಸು ಕೇಳಲಿಲ್ಲ.

ಕೆಲಸಕ್ಕೆ ಸೇರಿದ ಮೇಲೆ ನನ್ನ ಸಂಬಳದಿಂದ ಒಬ್ಬೊಬ್ಬರಿಗೆ ಕೊಡುತ್ತ ಬಂದೆವು. ಅಜ್ಜಿಯ ಸರದಿ ಬರುವುದರೊಳಗೆ ಅವಳು ಹೋಗಿಬಿಟ್ಟಿದ್ದಳು. ಅವಳಿಗೆ ಹಿಂದೆ ಮುಂದೆ ಯಾರೂ ಇರಲಿಲ್ಲ. ಅವಳ ತಿಥಿ ಮಾಡಿದವರು ಇಲ್ಲ, ಬಾಕಿ ಕೇಳಿದವರೂ ಇಲ್ಲ. ಆ ಅಡಿಕೆ ಏನಾಯಿತೋ. ಅವ್ವ ಅದನ್ನು ಕೊನೆಯವರೆಗೂ ಕೇಳುತ್ತಿದ್ದಳು.

ಸರ್ಟಿಫಿಕೇಟ್ ಸಿಗುವ ದಿನಕ್ಕೆ ಎಂಬತ್ತರ ದಶಕ ಕಾಲಿಟ್ಟಿತ್ತು. ಅಪ್ಪನ ವಾರಸುದಾರರು ನಾವೇ ಎಂದು ಸಾಕ್ಷಿ ಹೇಳಲು ಬರುತ್ತಿದ್ದ ದೊಡ್ಡಪ್ಪ ಅವತ್ತೂ ತುಮಕೂರಿಗೆ ಬಂದಿದ್ದರು. ಟವೆಲ್ಲು ಹೊಸದು, ಮನುಷ್ಯ ಹಳೆಯದಾಗಿದ್ದರು. ಕೋರ್ಟಿನ ಗೇಟಿನ ಹತ್ತಿರ ಸಾಹುಕಾರರ ಮಂಡಿಯ ಗುಮಾಸ್ತ ಬೀಡಿ ಸೇದುತ್ತ ನಿಂತಿದ್ದ. ನಮ್ಮನ್ನು ನೋಡಿ ಬೀಡಿ ಆರಿಸಿ ನಮಸ್ಕಾರ ಮಾಡಿದ. ಇಲ್ಲಿಂದ ನೇರ ಬ್ಯಾಂಕಿಗೆ ಅವನೂ ನಮ್ಮ ಜೊತೆ ಬರುವವನು.

ಒಳಗೆ ಮೇಜಿನ ಹಿಂದಿದ್ದ ಕೋರ್ಟಿನ ಗುಮಾಸ್ತರು ಅವ್ವನ ಹೆಸರು ಕೂಗಿ, ಪುಸ್ತಕ ತಿರುಗಿಸಿ, ಇಲ್ಲಿ ಎಂದು ಬೆರಳು ತೋರಿಸಿದರು. ಇಂಕಿನ ಪ್ಯಾಡನ್ನು ಮುಂದಿಡಲಿಲ್ಲ, ಅಷ್ಟು ಹೊತ್ತಿಗೆ ಅವರಿಗೂ ಗೊತ್ತಿತ್ತು. ಅವ್ವ ಪೆನ್ನು ಹಿಡಿದಳು. ಬರೆಯುವ ಮೊದಲು ನನ್ನ ಕಡೆ ನೋಡಿದಳು.

"ಇದೇನು ಬರೆದದೆ ಓದು."

ನಾನು ಓದಿದೆ. ಕಾಗದ ತಲುಪಿದೆ ಎಂದಷ್ಟೇ ಇತ್ತು. ರುಜು ಹಾಕಿದಳು. ಗುಮಾಸ್ತರು ಮೊಹರು ಒತ್ತಿದ ಕಾಗದವನ್ನು ಎರಡೂ ಕೈಯಿಂದ ಅವಳಿಗೆ ಕೊಟ್ಟರು. ಅವ್ವ ಎರಡೂ ಕೈಯಿಂದ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡಳು. ಸತ್ತ ನನ್ನ ಅಪ್ಪನ ಹಣಕ್ಕೆಲ್ಲ ಇವಳೇ ಹಕ್ಕುದಾರಳು ಎಂದು ಅದರಲ್ಲಿ ಬರೆದಿತ್ತು. ಹೊರಗೆ ಮಂಡಿಯ ಗುಮಾಸ್ತ ಕಾಯುತ್ತಿದ್ದ.

ವರಾಂಡದಲ್ಲಿ ದೊಡ್ಡಪ್ಪ ಆ ಕಾಗದವನ್ನು ಕೈಗೆ ತೆಗೆದುಕೊಂಡರು, ತಲೆಕೆಳಗಾಗಿ ಹಿಡಿದು ನೋಡಿದರು, ನಾನು ತಿರುಗಿಸಿ ಕೊಟ್ಟೆ. ಬಹಳ ಹೊತ್ತು ನೋಡಿ ವಾಪಸ್ಸು ಕೊಟ್ಟರು. ನನಗಲ್ಲ, ಅವ್ವನ ಕೈಗೇ ಕೊಟ್ಟರು. ನಾನು ಹುಟ್ಟಿದ ಮೇಲೆ ಮೊದಲ ಸಲ ಅವಳ ಮುಖ ನೋಡಿ, ನನ್ನನ್ನು ನಡುವೆ ಇಟ್ಟುಕೊಳ್ಳದೆ ಹೇಳಿದರು:

"ಅವತ್ತು ವೀಳ್ಯ ನಾನು ಕೊಡಬೇಕಿತ್ತು ಕಣವ್ವಾ. ನಾನು ಕೊಟ್ಟಿದ್ರೂ ಹಿಂಗೇ ಆಗ್ತಿತ್ತು, ಬುಡು."